ಸಭೆಯಲ್ಲಿ ಹೇಳಿದ ಮಾತು ಕಡತಕ್ಕೆ ಹೋಗಬೇಕಾದರೆ

ನಿಮ್ಮ ಮಾತು ಬಹುಶಃ ಎಲ್ಲೂ ದಾಖಲಾಗಿಲ್ಲ. ಜನ ನೇರವಾಗಿ ಬಂದು ಮಾತಾಡಬಹುದಾದ ನಗರಾಡಳಿತದ ಮುಕ್ತ ದಿನದಂದು ಬೀದಿದೀಪದ ತೊಂದರೆ ಹೇಳಿದಿರಿ, ಎಲ್ಲರೂ ತಲೆಯಾಡಿಸಿದರು, ಆಮೇಲೆ ಏನೂ ಆಗಲಿಲ್ಲ ಎಂದಿದ್ದೀರಿ. ಅಂಥ ದಿನಗಳು ನಿಜಕ್ಕೂ ಒಳ್ಳೆಯವು, ಯಾರು ಯಾವ ಕೆಲಸ ನೋಡುತ್ತಾರೆ ಅಂತ ಮುಖತಃ ಗೊತ್ತಾಗುತ್ತದೆ. ಆದರೆ ಕೆಲಸ ಶುರುವಾಗುವುದು ಬರೆದುಕೊಟ್ಟ ಅರ್ಜಿಯಿಂದ.

ಮೊದಲು ಕಂಬದ ಹತ್ತಿರ ಹೋಗಿ. ಸಾಮಾನ್ಯವಾಗಿ ಕಣ್ಣಿನ ಎತ್ತರದಲ್ಲಿ ಬಣ್ಣದಲ್ಲೋ ತಗಡಿನ ಮೇಲೋ ಒಂದು ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಅದನ್ನೇ ಬರೆಯಿರಿ. 'ನಮ್ಮ ಬೀದಿ ಕತ್ತಲು' ಅಂತ ಬರೆದರೆ ರಿಪೇರಿಯವರು ಹುಡುಕಬೇಕಾಗುತ್ತದೆ. ದೀಪ ಪೂರ್ತಿ ಆರಿದೆಯೋ, ಆಗಾಗ ಹತ್ತಿ ಆರುತ್ತಿದೆಯೋ ಅದನ್ನೂ ಹೇಳಿ. ಒಂದು ಅರ್ಜಿಗೆ ಒಂದೇ ವಿಷಯ ಇರಲಿ. ಚರಂಡಿಯನ್ನೂ ಸೇರಿಸಿದರೆ ಎರಡು ವಿಭಾಗಗಳ ನಡುವೆ ಸುಮ್ನೆ ಓಡಾಡುತ್ತದೆ. ಅರ್ಜಿ ತಲುಪಿದ್ದಕ್ಕೆ ಕಚೇರಿ ಕೊಡುವ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ, ನಮ್ಮ ಬೀದಿಯ ಕೆಲಸ ಮುಂದಕ್ಕೆ ಹೋದದ್ದು ಅದರಿಂದಲೇ.

ನಂತರ ನಿಮ್ಮ ವಾರ್ಡ್ ಸದಸ್ಯರಿಗೆ ಆ ಸಂಖ್ಯೆ ಸಮೇತ ಒಂದು ಪ್ರತಿ ಕೊಡಿ. ಮನೆ ಬಾಗಿಲಿಗೆ ಇಷ್ಟು ಹತ್ತಿರದ ಆಡಳಿತ ಬೇರೆ ಇಲ್ಲ ಅಲ್ವಾ, ಸಂಕೋಚ ಬೇಡ.

ಇರುವ ದೀಪ ಕೆಟ್ಟಿದೆಯೋ, ಹೊಸ ಕಂಬವೇ ಬೇಕೋ ನಿಮ್ಮ ಪ್ರಶ್ನೆಯಿಂದ ಸ್ಪಷ್ಟವಾಗಲಿಲ್ಲ. ಹೊಸದಾದರೆ ಬಜೆಟ್‌ನಲ್ಲಿ ಹಣ ಬೇಕು. ಮಂಡನೆಯಾದ ಮೇಲೆ ಕೇಳಿದರೆ ತಡ, ತಯಾರಿ ನಡೆಯುವಾಗಲೇ ಅಕ್ಕಪಕ್ಕದವರ ಸಹಿ ಹಾಕಿಸಿ ಅರ್ಜಿ ಕೊಡಿ. ನಗರಾಡಳಿತದ ಮುಂದಿನ ಸಭೆಯ ನಡಾವಳಿಯಲ್ಲಿ, ಅಂದರೆ ಸಭೆಯ ಲಿಖಿತ ದಾಖಲೆಯಲ್ಲಿ, ನಿಮ್ಮ ಬೇಡಿಕೆ ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ಸ್ವೀಕೃತಿ ಸಂಖ್ಯೆ ಹಾಕಿ ನೆನಪೋಲೆ ಬರೆಯಿರಿ.