ಕೆಲಸ ಹೋದ ಗಂಡಸು ಮನೆಯಲ್ಲಿ ಏನು ಮಾಡುತ್ತಾನೆ?

ಆತ್ಮೀಯರೇ, ನಮಸ್ಕಾರ.

ಅಮೆರಿಕದ ದುಡಿಯುವ ವರ್ಗದ ಸಣ್ಣಕಥೆಗಳಲ್ಲಿ ಗಂಡಸುತನ ಹೇಗೆ ಬದಲಾಯಿತು ಎಂಬ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಈ ಕಥೆಗಳನ್ನು ಇಷ್ಟು ಪ್ರೀತಿಯಿಂದ ಓದಿ ಕನ್ನಡದಲ್ಲಿ ಬರೆಯಲು ಕೂರುವವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ವಾದ ಇದು: ಹಿಂದಿನ ಕಥೆಗಳಲ್ಲಿ ಗಂಡಸು ಗಟ್ಟಿಗ, ಮಾತು ಕಡಿಮೆ. 1970ರ ದಶಕದಲ್ಲಿ ಕಾರ್ಖಾನೆಗಳು ಮುಚ್ಚಿದವು. ಆಮೇಲೆ ಅವನು ಮೆತ್ತಗಾದ, ಮನಸ್ಸು ಬಿಚ್ಚಲು ಕಲಿತ. ಓದಲು ಸಲೀಸಾಗಿದೆ. ಆದರೆ ನೀವೇ ಆರಿಸಿಕೊಂಡ ಕಥೆಗಳು ಇದಕ್ಕೆ ಒಪ್ಪುವುದಿಲ್ಲ.

ರೇಮಂಡ್ ಕಾರ್ವರ್‌ನ ‘ದೇ ಆರ್ ನಾಟ್ ಯುವರ್ ಹಸ್ಬೆಂಡ್’ ತೆಗೆದುಕೊಳ್ಳಿ. ಅವನ 1976ರ ಸಂಕಲನದಲ್ಲಿದೆ. ಅರ್ಲ್ ಸೇಲ್ಸ್‌ಮನ್, ಸದ್ಯಕ್ಕೆ ಕೆಲಸವಿಲ್ಲ. ಹೆಂಡತಿ ಡೊರೀನ್ ರಾತ್ರಿ ಪಾಳಿಯಲ್ಲಿ ಕಾಫಿ ಶಾಪ್‌ನಲ್ಲಿ ವೇಟ್ರೆಸ್. ಒಂದು ರಾತ್ರಿ ಅವನು ಅಲ್ಲಿಗೆ ಹೋಗಿ ಕೂರುತ್ತಾನೆ. ಪಕ್ಕದಲ್ಲಿ ಸೂಟು ಹಾಕಿದ ಇಬ್ಬರು, ಐಸ್‌ಕ್ರೀಮ್ ತೆಗೆಯಲು ಬಗ್ಗಿದ ಡೊರೀನಳ ಮೈ ನೋಡಿ ಕೇವಲವಾಗಿ ಮಾತಾಡುತ್ತಾರೆ. ಅರ್ಲ್ ಅವರಿಗೆ ಏನೂ ಅನ್ನುವುದಿಲ್ಲ. ಮನೆಗೆ ಬಂದು ಹೆಂಡತಿಗೆ ತೂಕ ಇಳಿಸು ಅನ್ನುತ್ತಾನೆ. ತೂಕದ ಯಂತ್ರ ತರುತ್ತಾನೆ, ದಿನದಿನದ ಲೆಕ್ಕ ಬರೆದಿಡುತ್ತಾನೆ. ಕೊನೆಗೆ ಅದೇ ಕೌಂಟರಿನಲ್ಲಿ ಕೂತು, ಪಕ್ಕದ ಅಪರಿಚಿತನ ಬಾಯಿಂದ ಅವಳನ್ನು ಹೊಗಳಿಸಲು ಒದ್ದಾಡುತ್ತಾನೆ.

ನೀವು ಇದನ್ನು ಎರಡು ಸಾಲಿನಲ್ಲಿ ಮುಗಿಸಿ, ‘ಹಳೆಯ ದರ್ಪದ ಗಂಡಸು’ ಎಂದು ಬರೆದಿದ್ದೀರಿ. ದರ್ಪ ಇದೆ, ನಿಜ. ಆದರೆ ಅದು ಎಲ್ಲಿಂದ ಬಂತು? ಸಂಬಳ ತರುವ ಯಜಮಾನಿಕೆ ಕೈ ತಪ್ಪಿದೆ. ಅದಕ್ಕೆ ಹೆಂಡತಿಯ ಮೈಯ ಮೇಲೆ ಯಜಮಾನಿಕೆ ಮಾಡುತ್ತಿದ್ದಾನೆ. ಅದೂ ಸೂಟು ಹಾಕಿದವರ ಮೆಚ್ಚುಗೆಗಾಗಿ. ವರ್ಗದ ಪ್ರಶ್ನೆ ಇರುವುದೇ ಆ ಸೂಟಿನಲ್ಲಿ, ಅಲ್ವಾ? ನಿಮ್ಮ ಲೇಖನದಲ್ಲಿ ಆ ಸೂಟು ಕಾಣಲೇ ಇಲ್ಲ.

ಇನ್ನು ಬಾಬಿ ಆನ್ ಮೇಸನ್‌ಳ ‘ಶೈಲೋ’. ಇದು ಬಂದದ್ದು 1980ರಲ್ಲಿ. ಇಲ್ಲಿನ ಲೀರಾಯ್‌ನನ್ನು ನೀವು ‘ಹೊಸ ಗಂಡಸು’ ಎಂದು ಕರೆದಿದ್ದೀರಿ. ಕೆಂಟಕಿಯ ಲಾರಿ ಡ್ರೈವರ್, ಅಪಘಾತದಲ್ಲಿ ಕಾಲು ಪೆಟ್ಟಾಗಿ ಮನೆಯಲ್ಲಿದ್ದಾನೆ. ಹೆಂಡತಿ ನಾರ್ಮಾ ಜೀನ್ ಡ್ರಗ್ ಸ್ಟೋರಿನಲ್ಲಿ ಕೆಲಸ ಮಾಡುತ್ತಾಳೆ. ಕಥೆ ಶುರುವಾಗುವುದೇ ಅವಳು ಎದೆಯ ಸ್ನಾಯು ಬೆಳೆಸಲು ಡಂಬೆಲ್ಸ್ ಎತ್ತುವುದರಿಂದ. ಅವನು ದಿಂಬಿನ ಕವರ್‌ಗೆ ಕಸೂತಿ ಹಾಕುತ್ತಾನೆ. ಇದು ಹೆಂಗಸರ ಕೆಲಸ ಅಂತ ಅತ್ತೆ ಮೂದಲಿಸಿದರೆ, ಟಿವಿಯಲ್ಲಿ ಬರುವ ದೊಡ್ಡ ಫುಟ್‌ಬಾಲ್ ಆಟಗಾರರೂ ಹಾಕುತ್ತಾರೆ ಅಂತ ಸಮಜಾಯಿಷಿ ಕೊಡುತ್ತಾನೆ.

ಈ ಸಮಜಾಯಿಷಿಯ ಮೇಲೆ ನೀವು ಒಂದು ಇಡೀ ಪ್ಯಾರಾ ನಿಲ್ಲಬೇಕಿತ್ತು. ಸೂಜಿ ಹಿಡಿದ ಕೈಗೂ ಅವನಿಗೆ ಫುಟ್‌ಬಾಲ್ ಆಟಗಾರನ ಒಪ್ಪಿಗೆ ಬೇಕು. ಜೊತೆಗೆ, ಹೆಂಡತಿಗಾಗಿ ಮರದ ದಿಮ್ಮಿಗಳ ಮನೆ ಕಟ್ಟುತ್ತೇನೆ ಅನ್ನುವ ಕನಸೂ ಇದೆ. ಅವಳಿಗೆ ಆ ಮನೆ ಬೇಕಿಲ್ಲ. ಹೆಂಡತಿಗೆ ಸೂರು ಕೊಡುವವನೇ ಗಂಡಸು ಅನ್ನುವ ಹಳೆಯ ನಂಬಿಕೆ ಅವನಲ್ಲಿ ಹಾಗೇ ಇದೆ. ಬದಲಾದದ್ದು ನಾರ್ಮಾ ಜೀನ್. ಕೊನೆಯಲ್ಲಿ ದೂರದಿಂದ ಅವಳು ಕೈ ಬೀಸುವಾಗ, ತನ್ನನ್ನು ಕರೆಯುತ್ತಿದ್ದಾಳೋ ವ್ಯಾಯಾಮ ಮಾಡುತ್ತಿದ್ದಾಳೋ ಅಂತಲೂ ಅವನಿಗೆ ತಿಳಿಯುವುದಿಲ್ಲ. ಇದನ್ನು ಗಂಡಸು ಸೂಕ್ಷ್ಮವಾದ ಕಥೆ ಅಂತ ಓದುವುದು ಹೇಗೆ?

ಅರ್ಲ್‌ಗೂ ಲೀರಾಯ್‌ಗೂ ನಡುವೆ ಇರುವುದು ಕೆಲವೇ ವರ್ಷ. ಇಬ್ಬರಿಗೂ ಕೆಲಸವಿಲ್ಲ, ಇಬ್ಬರ ಹೆಂಡತಿಯರೂ ದುಡಿಯುತ್ತಾರೆ. ಅವರನ್ನು ಹಳೆಯದು, ಹೊಸದು ಅಂತ ಒಂದರ ಹಿಂದೆ ಒಂದು ನಿಲ್ಲಿಸಬೇಡಿ. ಅಕ್ಕಪಕ್ಕ ಕೂರಿಸಿ.

ನಿಮ್ಮ ಲೇಖನದಲ್ಲಿ ಕಪ್ಪು ಜನರೇ ಇಲ್ಲ. ಇದು ದೊಡ್ಡ ಕೊರತೆ. ಜೇಮ್ಸ್ ಆಲನ್ ಮ್ಯಾಕ್‌ಫರ್ಸನ್‌ನ ‘ಎ ಸೋಲೋ ಸಾಂಗ್: ಫಾರ್ ಡಾಕ್’ ಓದಿ. ರೈಲಿನ ಊಟದ ಬೋಗಿಯಲ್ಲಿ ಬಡಿಸುವ ಕಪ್ಪು ವೇಟರ್‌ಗಳ ಕಥೆ. ಮ್ಯಾಕ್‌ಫರ್ಸನ್ ಸ್ವತಃ ಆ ಕೆಲಸ ಮಾಡಿದವನು. ಮುಂದೆ 1978ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ. ಇಲ್ಲಿ ಡಾಕ್‌ನ ಗಂಡಸುತನ ಇರುವುದು ತೋಳಿನ ಬಲದಲ್ಲಲ್ಲ. ಓಡುವ ರೈಲಿನಲ್ಲಿ ಹನಿ ಚೆಲ್ಲದೆ ಬಡಿಸುವ ನೈಪುಣ್ಯದಲ್ಲಿ. ಅವನನ್ನು ಕೆಲಸದಿಂದ ತೆಗೆಯಲು ಕಂಪನಿ ಕೊನೆಗೆ ರೂಲ್ ಬುಕ್ಕಿನ ಒಂದು ಸಣ್ಣ ನಿಯಮ ಹುಡುಕಬೇಕಾಗುತ್ತದೆ. ಈ ಕಥೆ 1960ರ ದಶಕದ್ದು. ಕಾರ್ಖಾನೆಗಳು ಮುಚ್ಚುವ ಮೊದಲೇ, ಗಟ್ಟಿಗ ಬಿಳಿಯನ ಪಕ್ಕದಲ್ಲೇ, ಬೇರೆಯದೇ ಗಂಡಸುತನ ಇತ್ತು. ಇದನ್ನು ಸೇರಿಸಿದರೆ ನಿಮ್ಮ ನೇರ ಗೆರೆ ಮುರಿಯುತ್ತದೆ. ಮುರಿಯಲಿ.

ಕಾರ್ವರ್‌ನ ಮಾತಿಲ್ಲದ ಗಂಡಸರ ಬಗ್ಗೆ ಇನ್ನೊಂದು ಮಾತು. ಆ ಮೌನವನ್ನು ನೀವು ಅವನ ಊರಿನ, ಅವನ ವರ್ಗದ ಗುಣ ಎಂದಿದ್ದೀರಿ. ಅವನ ಅಪ್ಪ ಗರಗಸದ ಮಿಲ್ಲಿನಲ್ಲಿ ದುಡಿದವನು, ಸರಿ. ಆದರೆ ನೀವು ಉದಾಹರಿಸಿದ 1981ರ ಸಂಕಲನದ ಹಸ್ತಪ್ರತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗವನ್ನು ಸಂಪಾದಕ ಗಾರ್ಡನ್ ಲಿಶ್ ಕತ್ತರಿಸಿದ್ದ. ಮೂಲ ರೂಪ 2009ರಲ್ಲಿ ‘ಬಿಗಿನರ್ಸ್’ ಹೆಸರಿನಲ್ಲಿ ಬಂತು. ಎರಡನ್ನೂ ಎದುರಿಗಿಟ್ಟು ಓದಿ. ಕಾರ್ವರ್ ಬರೆದಾಗ ಆ ಜನ ಇನ್ನೂ ಜಾಸ್ತಿ ಮಾತಾಡುತ್ತಿದ್ದರು. ಅದನ್ನು ಹೇಳದೆ ಮೌನದ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ಕತ್ತರಿ ಹಿಡಿಯುವ ಕೆಲಸ ನನ್ನದೂ ಆದ್ದರಿಂದ ಇದು ನನಗೆ ಮುಖ್ಯ.

ಮೊದಲ ಎರಡು ಪುಟದ ಆರ್ಥಿಕ ಇತಿಹಾಸ ತೆಗೆದುಬಿಡಿ. 1977ರ ಸೆಪ್ಟೆಂಬರ್‌ನಲ್ಲಿ ಓಹಿಯೊ ರಾಜ್ಯದ ಯಂಗ್ಸ್‌ಟೌನ್‌ನ ಉಕ್ಕಿನ ಕಾರ್ಖಾನೆ ಮುಚ್ಚುವುದಾಗಿ ಘೋಷಿಸಿದ್ದು ದೊಡ್ಡ ಘಟನೆಯೇ. ಆದರೆ ನೀವು ಚರ್ಚಿಸಿದ ಯಾವ ಕಥೆಯಲ್ಲೂ ಉಕ್ಕಿನ ಕೆಲಸಗಾರನಿಲ್ಲ. ‘ಬಿಕ್ಕಟ್ಟು’ ಎಂಬ ಪದ ಬಂದಲ್ಲೆಲ್ಲ ಏನು ಆಯಿತೆಂದು ಬರೆಯಿರಿ: ಬಾಡಿಗೆ ಕಟ್ಟಲಾಗಲಿಲ್ಲವೋ, ಸೋಫಾ ಬಿಟ್ಟು ಏಳಲಿಲ್ಲವೋ. ಕಾರ್ವರ್‌ನ ‘ಕೆಥೀಡ್ರಲ್’ ಕಥೆಯ ಭಾಗ ಮಾತ್ರ ಹಾಗೇ ಇರಲಿ. ಕುರುಡನ ಕೈ ಇನ್ನೊಬ್ಬನ ಕೈಯ ಮೇಲೆ ಕೂತು ಚಿತ್ರ ಬರೆಯುವುದನ್ನು ನೀವು ಚೆನ್ನಾಗಿ ನೋಡಿದ್ದೀರಿ. ಉಳಿದ ಕಥೆಗಳನ್ನೂ ಅಷ್ಟೇ ಹತ್ತಿರದಿಂದ ನೋಡಿ.

ಎಲ್ಲವನ್ನೂ ಒಟ್ಟಿಗೆ ತಿದ್ದಬೇಕಿಲ್ಲ. ಮೊದಲು ಅರ್ಲ್ ಮತ್ತು ಲೀರಾಯ್ ಇಬ್ಬರ ಭಾಗವನ್ನಷ್ಟೇ ಹೊಸದಾಗಿ ಬರೆದು ಕಳಿಸಿ. ಬಂದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ