ಹದಿನೆಂಟು ಸಾವಿರದ ಆರ್‌ಸಿಎ ಕೇಬಲ್ ಹಾಕಿದ್ರೆ ಸ್ಟೀರಿಯೋ ಸೌಂಡ್ ನಿಜವಾಗ್ಲೂ ಬದಲಾಗುತ್ತಾ?

ಆ ಆರ್‌ಸಿಎ ಕೇಬಲ್, ಅಂದ್ರೆ ಪ್ಲೇಯರನ್ನ ಆಂಪ್ಲಿಫೈಯರ್‌ಗೆ ಸೇರಿಸೋ ವೈರು, ತಗೋಬೇಡಿ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕೆ ಅಂತ ಆಮೇಲೆ ನಿಧಾನಕ್ಕೆ ಬರೀತೀನಿ. ನೀವು ಬರೆದಿರೋ ಪ್ರಕಾರ ಬನಶಂಕರೀಲಿ ಬಾಡಿಗೆ ಮನೆ, ಹಾಲಲ್ಲಿ ಒಂದು ಇಂಟಿಗ್ರೇಟೆಡ್ ಆಂಪ್ (ಎಲ್ಲಾ ಒಂದೇ ಡಬ್ಬದಲ್ಲಿರೋ ಆಂಪ್ಲಿಫೈಯರ್), ಎರಡು ಬುಕ್‌ಶೆಲ್ಫ್ ಸ್ಪೀಕರ್, ಲ್ಯಾಪ್‌ಟಾಪ್‌ಗೆ ಒಂದು ಡ್ಯಾಕ್ (ಡಿಜಿಟಲ್ ಹಾಡನ್ನ ಆಂಪ್‌ಗೆ ಬೇಕಾದ ಸಿಗ್ನಲ್ ಮಾಡೋ ಡಬ್ಬ), ಈಗ ಹೊಸದಾಗಿ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಬಂದಿದೆ, ಅದರ ಜೊತೆಗೆ ಗುಂಯ್ ಅನ್ನೋ ಸದ್ದೂ ಬಂದಿದೆ. ಆ ಸದ್ದು ಹೋಗೋಕೂ ಸೌಂಡ್ ಚೆನ್ನಾಗಾಗೋಕೂ ಅಂಗಡಿಯವ್ರು ಒಂದೇ ಮದ್ದು ಹೇಳಿದಾರೆ, 18,000 ರೂಪಾಯಿ ಕೇಬಲ್ ಹಾಕಿ ಸಾರ್, ಹಮ್ಮೂ (ಆ ಗುಂಯ್ ಸದ್ದು) ಹೋಗುತ್ತೆ ಸೌಂಡೂ ತೆರ್ಕೊಳುತ್ತೆ ಅಂತ. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿದೆ, ಅದನ್ನ ಬಿಡಿಸಿ ನೋಡ್ಬೇಕು.

ಮೊದಲು ಡ್ಯಾಕ್‌ನಿಂದ ಆಂಪ್‌ಗೆ ಹೋಗೋ ಕೇಬಲ್. ಡ್ಯಾಕ್ ಆಗ್ಲಿ ಸಿಡಿ ಪ್ಲೇಯರ್ ಆಗ್ಲಿ ಫುಲ್ ವಾಲ್ಯೂಮಲ್ಲಿ ಸುಮಾರು 2 ವೋಲ್ಟ್ ಕೊಡುತ್ತೆ, ಅದರ ಔಟ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಸಾಮಾನ್ಯವಾಗಿ ನೂರೋ ಇನ್ನೂರೋ ಓಮ್, ತೀರಾ ಕೆಟ್ಟದು ಅಂದ್ರೆ ಒಂದು ಸಾವಿರ ಇಟ್ಕೊಳ್ಳಿ, ಆ ಕಡೆ ಆಂಪ್ ಇನ್‌ಪುಟ್ 10 ಸಾವಿರದಿಂದ 47 ಸಾವಿರ ಓಮ್ ತನಕ ಇರುತ್ತೆ, ಅಂದ್ರೆ ವೈರಲ್ಲಿ ಕರೆಂಟ್ ಹರಿಯೋದೇ ಇಲ್ಲ ಅನ್ನೋಷ್ಟು ಕಮ್ಮಿ. ಹಂಗಾಗಿ ವೈರಿನ ರೆಸಿಸ್ಟೆನ್ಸ್ ಲೆಕ್ಕಕ್ಕೇ ಬರಲ್ಲ. ಬೆಳ್ಳಿ ವೈರು ಅಂತ ಮಾರ್ತಾರಲ್ಲ, ಬೆಳ್ಳಿ ತಾಮ್ರಕ್ಕಿಂತ ವಿದ್ಯುತ್ ಚೆನ್ನಾಗಿ ಹರಿಸುತ್ತೆ ಅನ್ನೋದು ನಿಜಾನೇ, ಎಷ್ಟು ಚೆನ್ನಾಗಿ ಅಂದ್ರೆ ಸುಮಾರು ಶೇಕಡಾ 6, ಇಲ್ಲಿ ಆ ಆರು ಪರ್ಸೆಂಟಿಗೆ ಮಾಡೋಕೆ ಕೆಲಸಾನೇ ಇಲ್ಲ.

ಉಳಿಯೋದು ಕೆಪಾಸಿಟೆನ್ಸ್, ಅಂದ್ರೆ ಚಾರ್ಜ್ ಹಿಡಿದಿಟ್ಕೊಳ್ಳೋ ಗುಣ, ಅದನ್ನ ಅಳೆಯೋದು ಪಿಕೋಫ್ಯಾರಡ್‌ನಲ್ಲಿ. ಕೇಬಲ್ ಒಳಗಿನ ತಂತಿ ಮತ್ತೆ ಸುತ್ತ ಇರೋ ಶೀಲ್ಡ್ (ಹೊರಗಿನ ಗದ್ದಲ ತಡೆಯೋ ಲೋಹದ ಹೊದಿಕೆ) ಸೇರಿ ಒಂದು ಸಣ್ಣ ಕೆಪಾಸಿಟರ್ ಆಗುತ್ತೆ, ಸಾಧಾರಣ ಕೇಬಲ್‌ಗೆ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್. ಇದು ಹೈ ಫ್ರೀಕ್ವೆನ್ಸೀನ ಕಟ್ ಮಾಡುತ್ತೆ ಅನ್ನೋದು ಅಂಗಡಿಯವರ ವಾದ, ವಾದ ಸರಿ, ಆದ್ರೆ ಎಲ್ಲಿಂದ ಕಟ್ ಮಾಡುತ್ತೆ ಅಂತ ಅವ್ರು ಹೇಳಲ್ಲ. ಒಂದು ಮೀಟರ್ ಕೇಬಲ್, ಕೆಟ್ಟ ಡ್ಯಾಕ್ ಅಂತ 1000 ಓಮೇ ಹಾಕಿ ಲೆಕ್ಕ ಮಾಡಿದ್ರೂ ಸುಮಾರು 1.6 ಮೆಗಾಹರ್ಟ್ಸ್ ಬರುತ್ತೆ. ನಮ್ಮ ಬೆಂಗಳೂರು ಆಕಾಶವಾಣಿ ಮೀಡಿಯಂ ವೇವಲ್ಲಿ ಬರೋದು 612 ಕಿಲೋಹರ್ಟ್ಸಲ್ಲಿ, ಅದಕ್ಕಿಂತ ಎರಡೂವರೆ ಪಟ್ಟು ಮೇಲೆ. ನಮ್ಮ ಕಿವಿ 20 ಕಿಲೋಹರ್ಟ್ಸಿಗೆ ಮುಗೀತು, ಅದೂ ಚಿಕ್ಕ ಹುಡುಗ್ರಿಗೆ, ವಯಸ್ಸಾಗ್ತಾ ಅದೂ ಇಳಿಯುತ್ತೆ.

ಹಂಗಂತ ಯಾವ ಕೇಬಲ್ ಆದ್ರೂ ಒಂದೇ ಅಂತ ನಾನು ಹೇಳ್ತಿಲ್ಲ. ಕೈಗೆ ಕೊಟ್ಟಾಗ ನೋಡ್ಬೇಕಾದ್ದು ಪ್ಲಗ್ಗು. ಆರ್‌ಸಿಎ ಪ್ಲಗ್ಗಲ್ಲಿ ನಡುವೆ ಒಂದು ಪಿನ್, ಸುತ್ತ ಒಂದು ಬಳೆ ಥರ ಕಾಲರ್. ಪಿನ್‌ನಲ್ಲಿ ಸಿಗ್ನಲ್, ಕಾಲರ್‌ನಲ್ಲಿ ಗ್ರೌಂಡ್. ಕಾಲರ್ ಲೂಸ್ ಆದ್ರೆ ಗ್ರೌಂಡ್ ತಪ್ಪಿ ಸ್ಪೀಕರ್‌ನಿಂದ ಬರ್ರ್ ಅಂತ ಜೋರಾಗಿ ಕಿರಿಚುತ್ತೆ, ತೀರಾ ಟೈಟ್ ಆದ್ರೆ ಕೀಳುವಾಗ ಆಂಪ್ ಹಿಂದಿನ ಸಾಕೆಟ್ಟನ್ನೇ ಬೋರ್ಡಿಂದ ಎಳ್ಕೊಂಡು ಬರುತ್ತೆ. ಆ ದಪ್ಪ ದಪ್ಪ ಚಿನ್ನದ ಬಣ್ಣದ್ದು, ಸುತ್ತಿ ಲಾಕ್ ಮಾಡೋದು ಇರುತ್ತಲ್ಲ, ಅದರಲ್ಲೇ ಈ ಕಾಟ ಜಾಸ್ತಿ. ಪ್ಲಗ್ಗಿನ ಹಿಂದಿನ ಕವರ್ ತಿರುಗಿಸಿ ಬಿಚ್ಚೋಕೆ ಬಂದ್ರೆ ಬಿಚ್ಚಿ ನೋಡಿ, ನಡುವಿನ ತಂತಿಯ ಬೆಸುಗೆ ನುಣ್ಣಗೆ ಹೊಳೀತಾ ಇರ್ಬೇಕು, ಶೀಲ್ಡ್ ಎಳೆಗಳನ್ನೆಲ್ಲ ಹೊಸೆದು ಕಾಲರ್ ಕಡೆ ಬೆಸೆದಿರ್ಬೇಕು, ಕೇಬಲ್ಲನ್ನ ಕ್ಲಾಂಪ್ ಹಿಡ್ಕೊಂಡಿರ್ಬೇಕು. ಕ್ಲಾಂಪ್ ಇಲ್ಲಾಂದ್ರೆ ಎಳೆದಾಗಲೆಲ್ಲ ಭಾರ ಬೆಸುಗೆ ಮೇಲೆ ಬೀಳುತ್ತೆ, ಸ್ವಲ್ಪ ದಿನಕ್ಕೆ ಒಂದು ಕಡೆ ಸ್ಪೀಕರ್ ಬರುತ್ತೆ ಹೋಗುತ್ತೆ ಬರುತ್ತೆ ಹೋಗುತ್ತೆ. ಇನ್ನೊಂದು, ಈ ಪ್ಲಗ್ ಒಳಗೆ ಹೋಗುವಾಗ ಕಾಲರ್‌ಗಿಂತ ಮುಂಚೆ ಪಿನ್ ಮುಟ್ಟುತ್ತೆ, ಅದಕ್ಕೇ ಆಂಪ್ ಆನ್ ಇಟ್ಕೊಂಡು ಕೇಬಲ್ ಹಾಕೋದು ತೆಗೆಯೋದು ಮಾಡ್ಬೇಡಿ, ಡಬ್ ಅಂತ ಬಂದು ಟ್ವೀಟರ್ (ಸ್ಪೀಕರ್‌ನಲ್ಲಿ ಹೈ ಫ್ರೀಕ್ವೆನ್ಸಿ ನುಡಿಸೋ ಭಾಗ) ಹೋಗ್ಬಿಡುತ್ತೆ.

ಈಗ ಟರ್ನ್‌ಟೇಬಲ್‌ಗೆ ಬರೋಣ, ಯಾಕಂದ್ರೆ ಕೇಬಲ್ ವಿಷಯದಲ್ಲಿ ತಲೆ ಕೆಡಿಸ್ಕೊಳ್ಳೋಕೆ ಅರ್ಥ ಇರೋ ಜಾಗ ಇದೊಂದೇ, ತಮಾಷೆ ಅಂದ್ರೆ ಅಂಗಡಿಯವ್ರು ಇದರ ಬಗ್ಗೆ ಮಾತೇ ಎತ್ತಿಲ್ಲ. ಡ್ಯಾಕ್ 2 ವೋಲ್ಟ್ ಅಂದ್ನಲ್ಲ, ಇಲ್ಲಿ ಕಾರ್ಟ್ರಿಡ್ಜ್ (ಸೂಜಿ ಇರೋ ತಲೆ) ಕೊಡೋದು ನಾಕೈದು ಮಿಲಿವೋಲ್ಟ್, ಹತ್ತಿರ ಹತ್ತಿರ ಐನೂರನೇ ಒಂದು ಭಾಗ. ಇಷ್ಟು ಸಣ್ಣ ಸಿಗ್ನಲ್ಲನ್ನ ಫೋನೋ ಸ್ಟೇಜ್ (ಅದನ್ನ ದೊಡ್ಡದು ಮಾಡೋ ಸರ್ಕ್ಯೂಟ್) ಎತ್ತುವಾಗ ದಾರೀಲಿ ಸೇರ್ಕೊಂಡ ಕಸಾನೂ ಅಷ್ಟೇ ಎತ್ತುತ್ತೆ, ಹಂಗಾಗಿ ಶೀಲ್ಡ್ ಚೆನ್ನಾಗಿರ್ಬೇಕು, ಉದ್ದ ಕಮ್ಮಿ ಇರ್ಬೇಕು. ಜೊತೆಗೆ ಆ ಕೆಪಾಸಿಟೆನ್ಸ್ ಇಲ್ಲಿ ನಿಜವಾಗ್ಲೂ ಆಟ ಆಡುತ್ತೆ. ಮೂವಿಂಗ್ ಮ್ಯಾಗ್ನೆಟ್ (ಸೂಜಿ ಜೊತೆ ಆಯಸ್ಕಾಂತ ಅಲ್ಲಾಡೋ ಥರದ) ಕಾರ್ಟ್ರಿಡ್ಜ್ ಒಳಗಿರೋದು ದೊಡ್ಡ ಕಾಯಿಲ್, ಅದೂ ಕೇಬಲ್‌ನ ಕೆಪಾಸಿಟೆನ್ಸೂ ಸೇರಿ ಒಂದು ಫ್ರೀಕ್ವೆನ್ಸೀಲಿ ರೆಸೊನೆನ್ಸ್ ಆಗುತ್ತೆ, ಅಂದ್ರೆ ಆ ಫ್ರೀಕ್ವೆನ್ಸಿ ಮಾತ್ರ ಉಬ್ಬುತ್ತೆ. ಉದಾಹರಣೆಗೆ ಆಡಿಯೋ ಟೆಕ್ನಿಕಾದ ವಿಎಂ95ಇ ತಗೊಳ್ಳಿ, ಅದರ ಇಂಡಕ್ಟೆನ್ಸ್ (ಕಾಯಿಲ್ ಎಷ್ಟು ದೊಡ್ಡದು ಅನ್ನೋ ಅಳತೆ) 550 ಮಿಲಿಹೆನ್ರಿ, ಕಂಪನಿಯವ್ರು ಹೇಳಿರೋ ಲೋಡ್ 100ರಿಂದ 200 ಪಿಕೋಫ್ಯಾರಡ್. 150 ಇದ್ರೆ ರೆಸೊನೆನ್ಸ್ ಸುಮಾರು 17 ಕಿಲೋಹರ್ಟ್ಸ್ ಮೇಲೆ ಇರುತ್ತೆ, ತೊಂದ್ರೆ ಇಲ್ಲ. ನೀವು ಸಿಕ್ಕಿದ್ದು ಸಿಗ್ಲಿ ಅಂತ ಎರಡು ಮೀಟರ್ ಉದ್ದದ, ಮೀಟರ್‌ಗೆ 150 ಇರೋ ಕೇಬಲ್ ಹಾಕಿ, ಫೋನೋ ಸ್ಟೇಜ್ ಒಳಗೇ ಇನ್ನೊಂದು 100 ಇತ್ತು ಅಂದ್ರೆ ಒಟ್ಟು 400 ಆಯ್ತು, ರೆಸೊನೆನ್ಸ್ 11 ಕಿಲೋಹರ್ಟ್ಸಿಗಿಂತ ಕೆಳಗೆ ಇಳೀತು, ಅಲ್ಲಿ ಉಬ್ಬು ಬರುತ್ತೆ, ಅದರಿಂದ ಮೇಲೆ ಬಿದ್ದು ಹೋಗುತ್ತೆ. ಪಿಟೀಲು ಕೀರಲಾಗಿ ಕೇಳುತ್ತೆ, ಹಾಡೋರ "ಸ" "ಶ" ಎಲ್ಲ ಚುಚ್ಚುತ್ತೆ. ಆರ್ಟೊಫಾನ್ 2ಎಂ ರೆಡ್ ಆದ್ರೆ 150ರಿಂದ 300ರ ತನಕ ಒಪ್ಕೊಳುತ್ತೆ. ಹಂಗಾಗಿ ನಿಮ್ಮ ಕಾರ್ಟ್ರಿಡ್ಜ್ ಜೊತೆ ಬಂದ ಚೀಟಿ ನೋಡಿ, ಫೋನೋ ಸ್ಟೇಜ್‌ನ ಇನ್‌ಪುಟ್ ಕೆಪಾಸಿಟೆನ್ಸ್ ನೋಡಿ, ಚೀಟೀಲಿರೋ ಲೋಡಿಂದ ಅದನ್ನ ಕಳೀರಿ, ಉಳಿದಷ್ಟರಲ್ಲಿ ಕೇಬಲ್ ಹುಡುಕಿ. ಮೀಟರ್‌ಗೆ ಎಷ್ಟು ಪಿಕೋಫ್ಯಾರಡ್ ಅಂತ ಬರೆದಿರೋ ಕೇಬಲ್ ತಗೊಳ್ಳಿ, ಬೆಲ್ಡನ್ 1694ಎ ಥರದ ವಿಡಿಯೋ ಕೋಆಕ್ಸ್ ಮೀಟರ್‌ಗೆ 53ರ ಸುತ್ತ ಬರುತ್ತೆ, ಸ್ವಲ್ಪ ಗಟ್ಟಿ, ಬಗ್ಗೋದು ಕಷ್ಟ, ಆದ್ರೆ ಕೆಲಸ ಪಕ್ಕಾ. 18 ಸಾವಿರದ ಕೇಬಲ್ ಡಬ್ಬದ ಮೇಲೆ "ರೇಷ್ಮೆಯಂಥ ಮಿಡ್‌ರೇಂಜ್" ಅಂತ ಬರೆದಿರುತ್ತೆ, ಈ ಒಂದು ನಂಬರ್ ಬರೆದಿರಲ್ಲ, ಅದೇ ನನಗೆ ಉರಿಯೋದು. ಅಂದಹಾಗೆ ನಿಮ್ಮ ಟರ್ನ್‌ಟೇಬಲ್ ಒಳಗೇ ಫೋನೋ ಸ್ಟೇಜ್ ಇದ್ದು ಹಿಂದಿನ ಸ್ವಿಚ್ ಲೈನ್‌ನಲ್ಲಿದ್ರೆ ಹೊರಗಿನ ಕೇಬಲ್‌ಗೆ ಈ ಲೆಕ್ಕ ಯಾವುದೂ ಬೇಡ, ಮೊದಲು ಹೇಳಿದ ಡ್ಯಾಕ್ ಲೆಕ್ಕಾನೇ.

ಹಮ್ಮಿಗೆ ಬರ್ತೀನಿ. ಟರ್ನ್‌ಟೇಬಲ್ ಹಿಂದೆ ಎರಡು ಆರ್‌ಸಿಎ ಜೊತೆಗೆ ಒಂದು ತೆಳ್ಳಗಿನ ವೈರು, ತುದೀಲಿ ಫೋರ್ಕ್ ಥರ ಇರೋದು, ಇದೆಯಾ? ಅದನ್ನ ಆಂಪ್ ಹಿಂದೆ ಜಿಎನ್‌ಡಿ ಅಂತ ಬರೆದಿರೋ ಸ್ಕ್ರೂಗೆ ಹಾಕಿದೀರಾ? ನೀವು ಬರೆದಿದ್ರಲ್ಲಿ ಅದರ ಸುದ್ದಿನೇ ಇಲ್ಲ. ಎಷ್ಟೋ ಜನ ಅದನ್ನ ಪ್ಯಾಕಿಂಗ್ ವೈರು ಅನ್ಕೊಂಡು ಹಿಂದೆ ನೇತಾಡೋಕೆ ಬಿಟ್ಬಿಡ್ತಾರೆ. ವಾಲ್ಯೂಮ್ ಸ್ವಲ್ಪ ಎತ್ತಿ, ಟೋನ್‌ಆರ್ಮ್‌ನ (ಸೂಜಿ ಹಿಡಿದಿರೋ ಕೋಲಿನ) ಲೋಹದ ಭಾಗ ಬೆರಳಲ್ಲಿ ಮುಟ್ಟಿ, ಗುಂಯ್ ಅನ್ನೋದು ಕಮ್ಮಿನೋ ಜಾಸ್ತಿನೋ ಆಯ್ತು ಅಂದ್ರೆ ಗ್ರೌಂಡ್ ವೈರೇ ಕಳ್ಳ. ಏನೂ ಬದಲಾಗ್ಲಿಲ್ಲ, ಆದ್ರೆ ಆರ್ಮನ್ನ ರೆಕಾರ್ಡ್ ಅಂಚಿಂದ ನಡುವಿಗೆ ತಂದಂಗೆ ಹಮ್ ಬದಲಾಯ್ತು ಅಂದ್ರೆ ಆಂಪ್‌ನ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇಟ್ಟಿದೀರ ಅಂತ ಅರ್ಥ, ಟರ್ನ್‌ಟೇಬಲ್ ಅರ್ಧ ಮೀಟರ್ ಆಚೆ ಸರಿಸಿ. ಇದಕ್ಕೆ ಯಾವ ರೇಟಿನ ಕೇಬಲ್ಲೂ ಉತ್ತರ ಅಲ್ಲ.

ಅದೂ ಅಲ್ಲ ಅಂದ್ರೆ ಗ್ರೌಂಡ್ ಲೂಪ್, ಅಂದ್ರೆ ಎರಡು ದಾರೀಲಿ ಗ್ರೌಂಡ್ ಸೇರಿ ಅದರಲ್ಲಿ ಸುತ್ತೋ ಕರೆಂಟ್. ಎಲ್ಲಾ ಪ್ಲಗ್ ಕಿತ್ತು ಟರ್ನ್‌ಟೇಬಲ್ ಆಂಪ್ ಎರಡೇ ಇಟ್ಕೊಂಡು ಕೇಳಿ, ಆಮೇಲೆ ಒಂದೊಂದೇ ಸೇರಿಸ್ತಾ ಬನ್ನಿ, ಟಿವಿ ಕೇಬಲ್‌ನ ಸೆಟ್‌ಟಾಪ್ ಬಾಕ್ಸ್ ಆಂಪ್‌ಗೆ ಕನೆಕ್ಟ್ ಆಗಿದ್ರೆ ಮೊದಲ ಅನುಮಾನ ಅದರ ಮೇಲೆ, ಎರಡನೇದು ಲ್ಯಾಪ್‌ಟಾಪ್ ಚಾರ್ಜರ್. ಚಾರ್ಜರ್ ಕಿತ್ತು ಬ್ಯಾಟರೀಲಿ ಓಡಿಸಿದಾಗ ಸದ್ದು ನಿಂತ್ರೆ ಸಿಕ್ತು ಅಂತ ತಿಳ್ಕೊಳ್ಳಿ. ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರಿಗೆ, ಒಂದೇ ಗೋಡೆ ಸಾಕೆಟ್ಟಿಗೆ ಹಾಕಿದ್ರೆ ಅರ್ಧ ಕೇಸ್ ಅಲ್ಲೇ ಮುಗಿಯುತ್ತೆ. ಹಳೇ ಬಾಡಿಗೆ ಮನೆ ಅಂತೀರ, ಸಾಕೆಟ್‌ನಲ್ಲಿ ಮೂರನೇ ತೂತು ಇರುತ್ತೆ ಆದ್ರೆ ಹಿಂದೆ ಅರ್ತಿಂಗ್ ವೈರೇ ಇರಲ್ಲ, ಇದು ಈ ಊರಲ್ಲಿ ಹೊಸದೇನಲ್ಲ. ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಮ್ ಅಂದ್ರೆ ಖಂಡಿತ ಎಲೆಕ್ಟ್ರಿಶಿಯನ್ ಕರೆಸಿ, ಫೇಸ್‌ಗೂ ಅರ್ತ್‌ಗೂ ಮೀಟರ್ ಇಡ್ಸಿ, 230ರ ಹತ್ತಿರ ಬರ್ಬೇಕು, ನ್ಯೂಟ್ರಲ್‌ಗೂ ಅರ್ತ್‌ಗೂ ಒಂದೆರಡು ವೋಲ್ಟ್ ಮೀರ್ಬಾರ್ದು. ಯಾರಾದ್ರೂ ಆಂಪ್‌ನ ಅರ್ತ್ ಪಿನ್ ಮುರಿದ್ಹಾಕಿ ಹಮ್ ಹೋಗುತ್ತೆ ಅಂದ್ರೆ ಕೇಳ್ಬೇಡಿ. ಹಮ್ ಹೋಗೋದು ನಿಜ, ಆದ್ರೆ ಒಳಗೆ ಏನಾದ್ರೂ ಶಾರ್ಟ್ ಆದ ದಿನ ಆಂಪ್ ಬಾಡಿ ಪೂರ್ತಿ ಲೈವ್.

ಎಲ್ಲಿ ತಗೋಬೇಕು ಅಂತ ಕೇಳಿದ್ರಿ. ಬೆಸುಗೆ ಹಾಕೋಕೆ ಬಂದ್ರೆ, ಇಲ್ಲಾ ಬರೋ ಸ್ನೇಹಿತ ಇದ್ರೆ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಹೋಗಿ, ಭಾನುವಾರ ಬೇಡ, ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತೆ, ಗಾಡಿ ಬೇಡ, ಪಾರ್ಕಿಂಗ್‌ಗೆ ಸುತ್ತೋದೇ ಆಗುತ್ತೆ, ಚಿಕ್ಕಪೇಟೆ ಮೆಟ್ರೋಲಿ ಇಳಿದು ನಡೀರಿ. ಕೇಬಲ್ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ, ಪ್ಲಗ್ ಬೇರೆ. "ಪ್ಯೂರ್ ಕಾಪರಾ?" ಅಂತ ಕೇಳಿದ್ರೆ ಯಾರೂ ಅಲ್ಲ ಅನ್ನಲ್ಲ, ಹಂಗಾಗಿ ಕೇಳೋ ಬದಲು ತುಂಡು ವೈರು ಇಸ್ಕೊಂಡು ಬ್ಲೇಡಲ್ಲಿ ಒಂದು ಎಳೆ ಕೆರೀರಿ, ಮೇಲೆ ಕೆಂಪು ಹೋಗಿ ಒಳಗೆ ಬೆಳ್ಳಗೆ ಕಾಣಿಸಿದ್ರೆ ತಾಮ್ರದ ಲೇಪ ಹಾಕಿರೋ ಅಲ್ಯೂಮಿನಿಯಂ. ಇಂಥ ಆರ್‌ಸಿಎ ಕೇಬಲ್‌ಗೆ ಅದರಿಂದ ಸೌಂಡ್ ಕೆಡಲ್ಲ, ಬೆಸುಗೆ ಸರಿಯಾಗಿ ಕೂರಲ್ಲ, ಬೇಗ ತುಂಡಾಗುತ್ತೆ, ಅದಕ್ಕೆ ಬೇಡ. ಬೆಸುಗೆ ಉಸಾಬರಿ ಬೇಡ ಅಂದ್ರೆ ರೆಡಿಮೇಡ್ ಒಂದು ಮೀಟರಿಂದು, ನನ್ನ ಪ್ರಕಾರ ಐನೂರರಿಂದ ಸಾವಿರದೈನೂರರ ಒಳಗೆ ಸಾಕು, ಅದಕ್ಕಿಂತ ಮೇಲೆ ಕೊಟ್ರೆ ಜಾಕೆಟ್ ಬಣ್ಣಕ್ಕೆ ಕೊಟ್ಟಂಗೆ. ಕೇಬಲ್ ಮೇಲೆ ಬಾಣದ ಗುರುತು ಇದ್ರೆ ನಗಬೇಡಿ, ಕರೆಂಟ್ ಒಂದೇ ದಿಕ್ಕಲ್ಲಿ ಹರಿಯುತ್ತೆ ಅಂತ ಅಲ್ಲ ಅದು, ಕೆಲವು ಕೇಬಲ್ಲಲ್ಲಿ ಶೀಲ್ಡನ್ನ ಒಂದೇ ತುದೀಲಿ ಬೆಸೆದಿರ್ತಾರೆ, ಅದರ ಗುರುತು. ಪವರ್ ಕೇಬಲ್ ಜೊತೆ ಸುತ್ತಿ ಕಟ್ಟಬೇಡಿ, ದಾಟಿಸಲೇಬೇಕು ಅಂದ್ರೆ ಅಡ್ಡಡ್ಡ ದಾಟಿಸಿ.

ಸ್ಪೀಕರ್ ವೈರಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ್ದು ಹಾಕಿ ಮರೆತುಬಿಡಿ, ಐದು ಮೀಟರ್ ಹೋಗಿ ಬಂದ್ರೂ 0.07 ಓಮ್ ಸುತ್ತ, 8 ಓಮ್ ಸ್ಪೀಕರ್ ಎದುರು ಅದು ಶೇಕಡಾ ಒಂದೂ ಇಲ್ಲ. ಇಲ್ಲೂ ಅಲ್ಯೂಮಿನಿಯಂ ಬೇಡ. ಡ್ಯಾಕ್‌ಗೆ ಕೋಆಕ್ಸ್ ಡಿಜಿಟಲ್ ಇನ್‌ಪುಟ್ ಇದ್ರೆ ಹಳೇ ಡಿವಿಡಿ ಪ್ಲೇಯರ್ ಜೊತೆ ಬಂದ ಹಳದಿ ವಿಡಿಯೋ ಕೇಬಲ್ ಹುಡುಕಿ ಹಾಕಿ, ಎರಡಕ್ಕೂ ಬೇಕಾದ್ದು 75 ಓಮೇ.

ನಾನು ಹೇಳಿದ್ದು ನಂಬಿಕೆ ಬರ್ಲಿಲ್ವಾ, ತಪ್ಪಿಲ್ಲ, ಆ ಕೇಬಲ್ಲನ್ನ ವಾಪಸ್ ತಗೊಳೋ ಮಾತಿನ ಮೇಲೆ ಎರಡು ದಿನಕ್ಕೆ ಇಸ್ಕೊಂಡು ಬನ್ನಿ. ಮನೇಲಿ ಯಾರಾದ್ರೂ ಕೇಬಲ್ ಬದಲಾಯಿಸ್ಲಿ, ನೀವು ಆಚೆ ರೂಮಲ್ಲಿರಿ, ಬಂದು ಕೂತು ಯಾವುದು ಅಂತ ಚೀಟೀಲಿ ಬರೀರಿ, ವಾಲ್ಯೂಮ್ ಮುಟ್ಟಬೇಡಿ, ಯಾಕಂದ್ರೆ ಅರ್ಧ ಡೆಸಿಬಲ್ ಜೋರಾದ್ರೂ ನಮಗೆ ಅದೇ ಚೆನ್ನಾಗಿದೆ ಅನ್ಸುತ್ತೆ. ಹತ್ತಾರು ಸಲ ಮಾಡಿದ್ರೆ ಗೊತ್ತಾಗುತ್ತೆ. 2007ರಲ್ಲಿ ಜೇಮ್ಸ್ ರ್‍ಯಾಂಡಿ ಅನ್ನೋ ಅಮೆರಿಕದ ಜಾದೂಗಾರ, ಆಗ 7,250 ಡಾಲರಿಗೆ ಮಾರ್ತಿದ್ದ ಒಂದು ಸ್ಪೀಕರ್ ಕೇಬಲ್ ಜೋಡೀನ ಕಣ್ಣು ಕಟ್ಟಿ ಕೇಳಿ ಗುರುತಿಸಿದ್ರೆ ಹತ್ತು ಲಕ್ಷ ಡಾಲರ್ ಕೊಡ್ತೀನಿ ಅಂದಿದ್ದ, ಆ ದುಡ್ಡನ್ನ ಯಾರೂ ತಗೊಂಡು ಹೋಗ್ಲಿಲ್ಲ.

ಉಳಿಯೋ ಹದಿನಾರು ಹದಿನೇಳು ಸಾವಿರದಲ್ಲಿ ಎರಡು ಗಟ್ಟಿ ಸ್ಪೀಕರ್ ಸ್ಟ್ಯಾಂಡ್ ಮಾಡ್ಸಿ, ಸ್ಪೀಕರನ್ನ ಟಿವಿ ಯೂನಿಟ್‌ನಿಂದ ಇಳಿಸಿ ಗೋಡೆಯಿಂದ ಒಂದಡಿ ಮುಂದೆ ತನ್ನಿ, ವಿಟ್ರಿಫೈಡ್ ಟೈಲ್ಸ್ ಮೇಲೆ ಒಂದು ಜಮಖಾನ ಹಾಸಿ, ಅಂಗಡಿಯವ್ರು ಹೇಳಿದ "ತೆರ್ಕೊಳೋದು" ಅವತ್ತೇ ಆಗುತ್ತೆ. ಗ್ರೌಂಡ್ ವೈರ್ ಹಾಕಿದ್ಮೇಲೂ ಹಮ್ ಉಳಿದ್ರೆ ಟರ್ನ್‌ಟೇಬಲ್ ಮಾಡೆಲ್, ಕಾರ್ಟ್ರಿಡ್ಜ್ ಹೆಸರು, ಆಂಪ್ ಹಿಂಭಾಗದ ಫೋಟೋ ಮೂರೂ ಕೆಳಗೆ ಹಾಕಿ, ನೋಡಿ ಹೇಳ್ತೀನಿ.