ಕಾಳಿ ಅಳಿವೆಯಲ್ಲಿ ಮಗುಚಿದ ಕಯಾಕ್, ಕಳೆದುಹೋದ ಸಲಕರಣೆ

ಪ್ರಶ್ನೆ: ಶಿರಸಿಯಿಂದ ರಜಾದಿನಗಳಲ್ಲಿ ಕಾರವಾರಕ್ಕೆ ಬಂದು, ಮೇಲೆ ಕುಳಿತು ನಡೆಸುವ ಮಾದರಿಯ ಕಯಾಕಿನಲ್ಲಿ (ಹುಟ್ಟು ಹಾಕುವ ಕಿರುದೋಣಿ) ಗಾಳ ಹಾಕುತ್ತೇನೆ. ಕಳೆದ ಹುಣ್ಣಿಮೆಯ ಮರುದಿನ ಮಧ್ಯಾಹ್ನ ಕೋಡಿಬಾಗದ ಹತ್ತಿರ, ಆಸನದ ಪಕ್ಕದ ಬಳೆಗೆ ಹಗ್ಗ ಕಟ್ಟಿ ಲಂಗರು ಹಾಕಿದ್ದೆ. ನೀರು ಇಳಿಯತೊಡಗಿತ್ತು. ಗಾಳಕ್ಕೆ ಬಿದ್ದ ಚೋಣಕ ಮೀನನ್ನು ಬಲೆಗೆ ತೆಗೆದುಕೊಳ್ಳಲು ಬಾಗಿದ್ದೇ ತಡ, ಕಯಾಕ್ ಮಗುಚಿತು. ಲೈಫ್ ಜಾಕೆಟ್ ತೊಟ್ಟಿದ್ದೆ, ಆದರೆ ಎಷ್ಟು ಪ್ರಯತ್ನಿಸಿದರೂ ಮತ್ತೆ ಹತ್ತಲಾಗಲಿಲ್ಲ. ಪಾತಿ ದೋಣಿಯವರು ದಡ ಸೇರಿಸಿದರು. ಎರಡು ರಾಡ್, ರೀಲುಗಳು, ಪೆಟ್ಟಿಗೆ, ಫೋನ್ ನೀರುಪಾಲಾದವು. ತಪ್ಪಿದ್ದೆಲ್ಲಿ? ಇನ್ನು ಮುಂದೆ ಎಲ್ಲವನ್ನೂ ಕಯಾಕಿಗೆ ಕಟ್ಟಿಡಬೇಕೇ? ಹೋದದ್ದು ಸಿಕ್ಕೀತೇ?
(ಓದುಗರೊಬ್ಬರು, ಶಿರಸಿ)

ಉತ್ತರ: ನೀವು ಲೈಫ್ ಜಾಕೆಟ್ ತೊಟ್ಟಿದ್ದಿರಿ ಎಂಬುದು ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಸಮಾಧಾನ ತಂದ ಮಾತು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಇದೇ ಕಾರವಾರದ ಸಮುದ್ರದಲ್ಲಿ ಮಗುಚಿ 16 ಜನ ತೀರಿಕೊಂಡದ್ದನ್ನು ಈ ಊರು ಇನ್ನೂ ಮರೆತಿಲ್ಲ.

ಮಗುಚಲು ಮೀನಾಗಲಿ, ನೀವು ಬಾಗಿದ್ದಾಗಲಿ ಮುಖ್ಯ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಲಂಗರಿನ ಹಗ್ಗವನ್ನು ಆಸನದ ಪಕ್ಕಕ್ಕೆ ಕಟ್ಟಿದ್ದೇ ಕಾರಣ. ಹಗ್ಗ ನಡುಭಾಗದಲ್ಲಿದ್ದರೆ ಕಯಾಕ್ ಸೆಳೆತಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಹರಿವು ಅದರ ಇಡೀ ಉದ್ದದ ಮೇಲೆ ಒತ್ತಿದಷ್ಟೂ ಬಿಗಿಯಾದ ಹಗ್ಗ ಅದೇ ಬದಿಯ ಅಂಚನ್ನು ಕೆಳಕ್ಕೆ ಜಗ್ಗುತ್ತದೆ. ಆ ಅಂಚು ಒಮ್ಮೆ ನೀರಿನಡಿ ಹೋಯಿತೆಂದರೆ ಹರಿವೇ ಅದರ ಮೇಲೇರಿ ಉಳಿದ ಕೆಲಸ ಮುಗಿಸುತ್ತದೆ. ನೀವು ಬಾಗದೆ ನೇರವಾಗಿ ಕುಳಿತಿದ್ದರೂ ಸೆಳೆತ ಇನ್ನಷ್ಟು ಜೋರಾದಾಗ ಇದೇ ಆಗುತ್ತಿತ್ತು. ಹಗ್ಗ ಯಾವಾಗಲೂ ಮುಂತುದಿಯಿಂದಲೋ ಹಿಂತುದಿಯಿಂದಲೋ ಹೊರಡಬೇಕು. ಕುಳಿತಲ್ಲಿಂದ ಕೈ ಅಲ್ಲಿಗೆ ಎಟಕದ ಕಾರಣ, ಕಯಾಕಿನ ಬದಿಯುದ್ದಕ್ಕೂ ಎರಡು ಚಿಕ್ಕ ರಾಟೆಗಳ ನಡುವೆ ಓಡಾಡುವ ಹಗ್ಗದ ಸುತ್ತನ್ನು ಅಳವಡಿಸಿ, ಅದರ ಬಳೆಯಲ್ಲಿ ಲಂಗರಿನ ಹಗ್ಗವನ್ನು ತೂರಿಸಿ, ಬಳೆಯನ್ನು ತುದಿಗೆ ಎಳೆದುಕೊಳ್ಳುವುದು ರೂಢಿ. ಹಗ್ಗದ ಕೊನೆಗೆ ಒಂದು ತೇಲುಬುರುಡೆ ಇರಲಿ. ಅಪಾಯ ಕಂಡ ಕ್ಷಣ ಲಂಗರನ್ನು ಬುರುಡೆಯೊಂದಿಗೆ ನೀರಿಗೆ ಬಿಟ್ಟು ದೂರ ಸರಿದು, ಸೆಳೆತ ತಗ್ಗಿದ ಮೇಲೆ ಬಂದು ಎತ್ತಿಕೊಂಡರಾಯಿತು.

ಇನ್ನು ಹೊತ್ತಿನ ವಿಚಾರ. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ತುಂಬುವುದು ಹೆಚ್ಚು ಕಡಿಮೆ ನಡುಹಗಲಿಗೆ. ಏರಿಳಿತದ ಅಂತರ ಸುಮಾರು ಎರಡು ಮೀಟರ್ ಆಗುವುದೂ ಆ ದಿನಗಳಲ್ಲೇ. ಹಾಗಾಗಿ ಮಧ್ಯಾಹ್ನದ ಮೇಲೆ ನದಿ ಪಡುವಣಕ್ಕೆ ರಭಸದಿಂದ ಇಳಿಯುತ್ತಿರುವಾಗಲೇ ಕಡಲಗಾಳಿ ಪಡುವಣದಿಂದ ಎದುರು ಬೀಸುತ್ತದೆ, ಅವೆರಡೂ ಸಂಧಿಸುವ ಅಳಿವೆಯಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ಇಳಿತದ ಜೋರು ಮತ್ತೂ ಹೆಚ್ಚು. ಮಗುಚಿದವನನ್ನು ಉಬ್ಬರ ಊರಿನ ಕಡೆಗೆ ತರುತ್ತದೆ, ಇಳಿತ ಕಡಲಿಗೆ ಒಯ್ಯುತ್ತದೆ. ಒಬ್ಬರೇ ಹೋಗುವವರು ಬೆಳಗಿನ ಉಬ್ಬರದ ಕೊನೆಯ ಎರಡು ತಾಸುಗಳಲ್ಲಿ ಮೀನು ಹಿಡಿದು, ನೀರು ತಿರುಗುವ ಮೊದಲೇ ದಡಕ್ಕೆ ಮರಳುವುದು ಒಳ್ಳೆಯದೆಂದು ನಾನು ಒತ್ತಿ ಹೇಳುವುದು ಅದಕ್ಕೇ. ಸೇತುವೆಯ ಕಂಬಗಳ ಹತ್ತಿರ ಲಂಗರು ಹಾಕಲೇಬೇಡಿ. ಅಲ್ಲಿ ಹರಿವು ಕಿರಿದಾಗಿ ವೇಗ ಪಡೆಯುತ್ತದೆ, ಕಯಾಕನ್ನು ಕಂಬಕ್ಕೆ ಒತ್ತಿ ಹಿಡಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ನೆರವಿಗೆ ಬರುವ ದೋಣಿಗಳೂ ವಿರಳ. ಆ ಎರಡು ತಿಂಗಳು ಅಳಿವೆಯ ಆಸೆಯನ್ನೇ ಬಿಡಿ.

ಮತ್ತೆ ಹತ್ತಲಾಗದ್ದು ತೋಳಿನ ಬಲ ಸಾಲದೆ ಎಂದು ನೀವು ಭಾವಿಸಿರಬಹುದು. ಹೆಚ್ಚಿನವರು ನೀರಿನಲ್ಲಿ ನೆಟ್ಟಗೆ ನಿಂತ ಭಂಗಿಯಲ್ಲಿ, ಗೋಡೆ ಹತ್ತುವಂತೆ ಮೈಯನ್ನು ಮೇಲಕ್ಕೆಳೆದುಕೊಳ್ಳಲು ನೋಡುತ್ತಾರೆ; ಆಗ ಕಾಲುಗಳು ಕಯಾಕಿನ ಅಡಿಗೆ ಸರಿದು ಅದು ಮತ್ತೆ ಮೈಮೇಲೆ ಮಗುಚುತ್ತದೆ. ಮೊದಲು ಬೋರಲಾದ ಕಯಾಕಿನ ನಡುಭಾಗಕ್ಕೆ ಬಂದು, ಅದರ ತಳದ ಮೇಲಿಂದ ಕೈ ಚಾಚಿ ಆಚೆ ಬದಿಯ ಹಿಡಿಯನ್ನು ಹಿಡಿದು, ಮೈಭಾರವನ್ನು ಹಿಂದಕ್ಕೆ ಹಾಕಿ ತಿರುಗಿಸಿಕೊಳ್ಳಿ. ಅಲೆಗಳಿದ್ದರೆ ನೀವು ಕಡಲ ಕಡೆಗಿರಬೇಕು. ದಡದ ಕಡೆಗಿದ್ದರೆ ಅಲೆ ಕಯಾಕನ್ನೇ ತಂದು ಮುಖಕ್ಕೆ ಅಪ್ಪಳಿಸುತ್ತದೆ. ಆಮೇಲೆ ಎರಡೂ ಕೈಗಳನ್ನು ಮೇಲಿಟ್ಟು, ಕಾಲುಗಳನ್ನು ಹಿಂದಕ್ಕೆ ಚಾಚಿ ನೀರಿನ ಮಟ್ಟದಲ್ಲಿ ಬಡಿಯುತ್ತ, ಹೊಟ್ಟೆ ಆಸನಕ್ಕೆ ಅಡ್ಡಲಾಗುವವರೆಗೆ ಜಾರಿ ಮುಂದೆ ಸಾಗಿ. ಅಲ್ಲಿ ಉಸಿರು ತೆಗೆದುಕೊಂಡು, ನಿಧಾನವಾಗಿ ಅಂಗಾತ ಹೊರಳಿ ಕುಳಿತು, ಕೊನೆಗೆ ಕಾಲುಗಳನ್ನು ಒಳಗೆ ತೆಗೆದುಕೊಳ್ಳಿ. ನಮ್ಮ ಕಡಲು ಮೈ ಮರಗಟ್ಟಿಸುವಷ್ಟು ತಣ್ಣಗಾಗುವುದಿಲ್ಲವಾದ್ದರಿಂದ ಅವಸರಪಡಬೇಕಾಗಿಲ್ಲ. ಜಾಕೆಟ್ಟಿನ ಪಟ್ಟಿ ಸಡಿಲವಾಗಿದ್ದರೆ ಅದು ಗಲ್ಲದವರೆಗೆ ಏರಿ ಹೊಟ್ಟೆ ಜಾರದಂತೆ ತಡೆಯುತ್ತದೆ, ಬಿಗಿ ಮಾಡಿಕೊಳ್ಳಿ. ಇದನ್ನು ಎದೆಮಟ್ಟದ ನಿಂತ ನೀರಿನಲ್ಲಿ, ಗಾಳದ ಸಾಮಾನು ಒಂದೂ ಇಲ್ಲದೆ, ಪಕ್ಕದಲ್ಲೊಬ್ಬರನ್ನು ನಿಲ್ಲಿಸಿಕೊಂಡು, ಕೈಕಾಲಿಗೆ ತಾನಾಗಿಯೇ ಬರುವವರೆಗೆ ಅಭ್ಯಾಸ ಮಾಡದೆ ಮತ್ತೆ ಅಳಿವೆಗೆ ಹೋಗಬೇಡಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಎಲ್ಲವನ್ನೂ ಕಟ್ಟಿಡಬೇಕೇ ಎಂದರೆ, ಬೇಡ. ಮಗುಚಿದಾಗ ಕಟ್ಟಿದ ಪ್ರತಿಯೊಂದು ದಾರವೂ ನೀವಿರುವ ನೀರಿನಲ್ಲೇ ಇರುತ್ತದೆ. ಮೂರು ಮೊನೆಯ ಕೊಕ್ಕೆ ತೊಡೆಗೆ ನಾಟಿ, ಅದರ ಹೆಣೆದ ದಾರ ಕಯಾಕಿಗೆ ಬಿಗಿದಿದ್ದರೆ ಏನಾದೀತು ಎಂದು ಯೋಚಿಸಿ. ಆ ದಾರ ಕೈಯಿಂದ ಹರಿಯುವಂಥದ್ದಲ್ಲ. ಹುಟ್ಟನ್ನು ಖಂಡಿತ ಕಟ್ಟಿ, ಏಕೆಂದರೆ ಅದಿಲ್ಲದೆ ಹತ್ತಿಯೂ ಪ್ರಯೋಜನವಿಲ್ಲ. ಕೈಯಲ್ಲಿರುವ ರಾಡಿಗೆ ಸುರುಳಿಯಾಗಿ ಕುಗ್ಗುವ ಗಿಡ್ಡ ದಾರ ಸಾಕು. ಎರಡನೆಯ ರಾಡನ್ನು, ಕೊಕ್ಕೆ ಬಿಚ್ಚಿಟ್ಟು, ಮಲಗಿಸಿ ಬಿಗಿಯಿರಿ. ಪೆಟ್ಟಿಗೆ ಆಸನದ ಹಿಂದೆ ಎತ್ತರಕ್ಕೆ ನಿಂತಷ್ಟೂ ಕಯಾಕ್ ತೊನೆಯುತ್ತದೆ, ಆದ್ದರಿಂದ ಭಾರದ ಸೀಸಗಳನ್ನು ತಳದಲ್ಲಿಡಿ. ಮೊಂಡು ಮೂತಿಯ ಚಾಕು ಮತ್ತು ಸೀಟಿ ಜಾಕೆಟ್ಟಿನ ಎದೆಯ ಮೇಲಿರಲಿ. ನೀರು ನುಗ್ಗದ ಚೀಲದಲ್ಲಿಟ್ಟ ಫೋನ್ ಕಯಾಕಿನಲ್ಲಲ್ಲ, ನಿಮ್ಮ ಮೈಮೇಲಿರಬೇಕು. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಅದರಲ್ಲಿ ಮೊದಲೇ ದಾಖಲಾಗಿರಲಿ.

ಹೋದ ಸಾಮಾನಿನ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ಪೆಟ್ಟಿಗೆ ತೇಲಿದ್ದರೆ ಅದೇ ಇಳಿತದಲ್ಲಿ ಹೊರಗೆ ಹೋಗಿರುತ್ತದೆ. ರೀಲಿನ ಭಾರಕ್ಕೆ ರಾಡುಗಳು ಮಾತ್ರ ಮಗುಚಿದ ಜಾಗದ ಹತ್ತಿರವೇ ತಳ ಸೇರಿರುವ ಸಂಭವವಿದೆ. ಸದಾಶಿವಗಡದ ಗುಡ್ಡ ಯಾವ ಮರದ ನೇರಕ್ಕಿತ್ತು, ಸೇತುವೆ ಯಾವ ಕಡೆಗಿತ್ತು ಎಂಬುದನ್ನು ನೆನಪಿಸಿಕೊಂಡು, ನಿಮ್ಮನ್ನು ಎತ್ತಿಕೊಂಡ ಪಾತಿ ದೋಣಿಯವರನ್ನೇ ಕೇಳಿ. ಅವರ ಗುರುತು ನಿಮ್ಮದಕ್ಕಿಂತ ಖಚಿತವಾಗಿರುತ್ತದೆ. ಇಳಿತ ಮುಗಿದು ನೀರು ನಿಂತ ಅಲ್ಪ ಹೊತ್ತಿನಲ್ಲಿ ಅವರ ದೋಣಿಯಿಂದ ಚಿಕ್ಕ ಕೊಕ್ಕೆ ಲಂಗರನ್ನು ತಳದ ಮೇಲೆ ಎಳೆಸಿ ನೋಡಿ, ಅವರ ದಿನದ ದುಡಿಮೆಗೆ ತಕ್ಕ ಹಣ ಕೊಡಿ. ರಾಡ್ ಸಿಗದಿದ್ದರೂ ದಾರ ಸಿಕ್ಕಿದರೆ ಎಳೆದು ತೆಗೆಯಿರಿ, ಅದು ಬೀಸುಬಲೆಗಳಿಗೂ, ದೇವಬಾಗದ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ಉರುಳಾಗುತ್ತದೆ. ರೀಲ್ ಕೈಗೆ ಬಂದರೆ ಒಣಗಲು ಬಿಡದೆ ಸಿಹಿನೀರಿನ ಬಕೆಟ್ಟಿನಲ್ಲೇ ಮನೆಗೆ ಒಯ್ದು, ಅಂದೇ ಬಿಚ್ಚಿ ತೊಳೆದು, ಒರೆಸಿ, ಎಣ್ಣೆ ಹಾಕಿ.